ನೆಲ ಹೊಳೆಯಲಿ, ಕಾಲು ಜಾರದಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯಲ್ಲಿ ಖರ್ಚಿನ ಮಾತಿದೆ, ತಲೆನೋವಿನ ಮಾತಿದೆ; ಮೂಳೆಮುರಿತದ ಮಾತಿಲ್ಲ. ಹೊಸ ಮನೆ ಕಟ್ಟುವಾಗ, ಇಲ್ಲವೇ ಹಳೆಯ ಮನೆಯ ನೆಲ ಕಿತ್ತು ಬೇರೆ ಹಾಸುವಾಗ ನೀವು ಮೇಸ್ತ್ರಿಯನ್ನು ಕೇಳುತ್ತೀರಿ, ವಾಸ್ತು ಬಲ್ಲವರನ್ನು ಕೇಳುತ್ತೀರಿ, ಈಚೆಗಷ್ಟೇ ಮನೆ ಕಟ್ಟಿ ಮುಗಿಸಿದ ಷಡ್ಡಕನನ್ನು ಕೇಳುತ್ತೀರಿ. ವೈದ್ಯರನ್ನು ಯಾರೂ ಕೇಳುವುದಿಲ್ಲ. ನೆಲಕ್ಕೆ ಏನು ಹಾಸಬೇಕು ಎಂಬುದಕ್ಕೂ ವೈದ್ಯರಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಬರುವ ಎಷ್ಟೋ ಪೆಟ್ಟುಗಳ, ನೋವುಗಳ ಮೂಲ ಹುಡುಕುತ್ತಾ ಹೋದರೆ ಅದು ಕೊನೆಗೆ ಸಿಗುವುದು ಮನೆಯ ನೆಲದಲ್ಲಿ.

ನಾನು ನೋಡಿದ 68 ವರ್ಷದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಮಗ ಸಾಲ ಮಾಡಿ ಕಟ್ಟಿಸಿದ ಮನೆ. ಗೃಹಪ್ರವೇಶವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನೋಡಲು ಚೆನ್ನಾಗಿರಲೆಂದು ನಡುಮನೆಗೆ ಹಾಕಿದ ಕನ್ನಡಿಯಂಥ ಟೈಲ್ಸನ್ನೇ ಬಚ್ಚಲುಮನೆಗೂ ಹಾಕಿಸಿದ್ದರು. ನಸುಕಿನಲ್ಲಿ ಎದ್ದು ಬಚ್ಚಲಿಗೆ ಹೋದ ಆಕೆ ಒದ್ದೆ ನೆಲದ ಮೇಲೆ ಜಾರಿ ಪಕ್ಕಕ್ಕೆ ಬಿದ್ದರು. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಿತು. ಬೀಳುವ ಹಿಂದಿನ ದಿನದವರೆಗೆ ಮನೆಯ ಅಡುಗೆ, ಮೊಮ್ಮಗಳನ್ನು ಶಾಲೆಯ ವ್ಯಾನು ಹತ್ತಿಸುವುದು, ಸಂಜೆ ದೇವಸ್ಥಾನ ಎಲ್ಲವೂ ಅವರದೇ ಓಡಾಟ. ಶಸ್ತ್ರಚಿಕಿತ್ಸೆಯಾಯಿತು, ಮೂಳೆಯೂ ಕೂಡಿಕೊಂಡಿತು. ಆದರೆ ಇವತ್ತಿಗೂ ವಾಕರ್ ಹಿಡಿಯದೆ ನಡೆಯುವುದಿಲ್ಲ, ಒಬ್ಬರೇ ಬಚ್ಚಲಿಗೆ ಹೋಗುವುದೆಂದರೆ ಮೈ ನಡುಗುತ್ತದೆ. ಆ ಬಚ್ಚಲುಮನೆಯ ನೆಲ ಹೆಚ್ಚೆಂದರೆ 40 ಚದರಡಿ. ಅಷ್ಟಕ್ಕೆ ಬೇರೆ ಜಾತಿಯ ಟೈಲ್ಸ್ ಹಾಕಿಸಿದ್ದರೆ ಖರ್ಚು ಹೆಚ್ಚಾಗುತ್ತಲೂ ಇರಲಿಲ್ಲ.

ಮುರಿದ ಮೂಳೆಯಷ್ಟೇ ಅಲ್ಲ

ವಯಸ್ಸಾದಂತೆ ಮೂಳೆಗಳ ಸಾಂದ್ರತೆ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಈ ಸವೆತ ವೇಗವಾಗಿ ನಡೆಯುತ್ತದೆ. ಇದಕ್ಕೆ ನೋವಿಲ್ಲ, ಮುನ್ಸೂಚನೆಯೂ ಇಲ್ಲ. ಇಪ್ಪತ್ತರ ಹುಡುಗಿ ಜಾರಿ ಬಿದ್ದರೆ ಎದ್ದು ಬಟ್ಟೆ ಕೊಡವಿಕೊಂಡು ಹೋಗುತ್ತಾಳೆ. ಎಪ್ಪತ್ತರ ಅಜ್ಜಿ ನಿಂತಲ್ಲಿಂದಲೇ ಕುಸಿದರೂ ತೊಡೆಮೂಳೆಯ ಕತ್ತು ಮುರಿಯಬಹುದು. ಆ ಬಳಿಕ ನಿಜವಾಗಿ ಕಾಡುವುದು ಹಾಸಿಗೆ. ವಾರಗಟ್ಟಲೆ ಮಲಗಿದಲ್ಲೇ ಇದ್ದರೆ ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯ ಆಗಬಹುದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೆನ್ನು, ಪೃಷ್ಠಗಳಲ್ಲಿ ಹಾಸಿಗೆ ಹುಣ್ಣು ಏಳಬಹುದು. ಎಷ್ಟೋ ಹಿರಿಯರು ಕೊನೆಯುಸಿರೆಳೆಯುವುದು ಈ ತೊಡಕುಗಳಿಂದ. 'ಬಚ್ಚಲಲ್ಲಿ ಬಿದ್ದರು, ಆಮೇಲೆ ಏಳಲೇ ಇಲ್ಲ' ಎಂದು ನೀವು ಊರಲ್ಲಿ ಕೇಳಿರುವ ಮಾತಿನ ಹಿಂದೆ ಇರುವುದು ಇಷ್ಟು. ಹೀಗಾಗಿಯೇ ಸಾಧ್ಯವಾದಷ್ಟು ಬೇಗ, ಒಂದೆರಡು ದಿನಗಳೊಳಗೆ, ಶಸ್ತ್ರಚಿಕಿತ್ಸೆ ಮಾಡಿ ರೋಗಿಯನ್ನು ಎಬ್ಬಿಸಿ ಕೂರಿಸಲು ಮೂಳೆತಜ್ಞರು ಆತುರಪಡುತ್ತಾರೆ.

ಕಾಲು ಜಾರುವುದು ಹೇಗೆ?

ಒಣಗಿದ ನೆಲದ ಮೇಲೆ ಒಣಗಿದ ಅಂಗಾಲು ಸುಲಭವಾಗಿ ಜಾರುವುದಿಲ್ಲ. ಹೊಳಪಿನ ನೆಲವಾದರೂ ಅಷ್ಟೇ. ತೊಂದರೆ ಶುರುವಾಗುವುದು ನೀರು ಬಿದ್ದಾಗ. ಅಂಗಾಲಿಗೂ ನೆಲಕ್ಕೂ ನಡುವೆ ನೀರಿನ ತೆಳು ಪದರ ಉಳಿದರೆ ಕಾಲು ನೆಲವನ್ನು ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲುತ್ತದೆ. ನೆಲ ತರಿತರಿಯಾಗಿದ್ದರೆ ಕಾಲಿನ ಒತ್ತಡಕ್ಕೆ ನೀರು ಸಂದುಗಳಿಗೆ ಸರಿದು ಚರ್ಮ ನೆಲವನ್ನು ಹಿಡಿಯುತ್ತದೆ. ನುಣುಪು ನೆಲದಲ್ಲಿ ಆ ನೀರಿಗೆ ಹೋಗಲು ಜಾಗವಿಲ್ಲ.

ಇದಕ್ಕೆ ನಮ್ಮ ಸ್ನಾನದ ಪದ್ಧತಿಯೂ ಸೇರಿಕೊಳ್ಳುತ್ತದೆ. ಎಣ್ಣೆಸ್ನಾನದ ದಿನ ನೆಲದ ಮೇಲೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಹರಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಚೆನ್ನಾಗಿ ನೊರೆ ಬಾರದೆ ಅಂಟಂಟಾದ ಕಿಟ್ಟವಾಗಿ ನೆಲಕ್ಕೆ ಹತ್ತುತ್ತದೆ. ಒಣಗಿದಾಗ ಇದು ಕಣ್ಣಿಗೆ ಕಾಣುವುದಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ತಂಬಿಗೆ ನೀರು ಬಿದ್ದೊಡನೆ ಎದ್ದು ಕೂರುತ್ತದೆ! ಆದ್ದರಿಂದ ಎಂಥ ಒಳ್ಳೆಯ ನೆಲವೇ ಇರಲಿ, ಎಣ್ಣೆಸ್ನಾನವಾದ ಕೂಡಲೇ ಸೀಗೆಪುಡಿಯನ್ನೋ ಪಾತ್ರೆ ತೊಳೆಯುವ ಸಾಬೂನನ್ನೋ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಲೇಬೇಕು.

ಯಾವ ಕೋಣೆಗೆ ಯಾವುದು?

ಹಿಂದಿನ ಕೆಂಪು ಗಾರೆ ನೆಲವೇ ಒಳ್ಳೆಯದಿತ್ತು ಎನ್ನುವವರು ಬಹಳ. ನನಗೂ ಆ ನೆಲದ ಮೇಲೆ ಮೋಹವಿದೆ. ಆದರೆ ಚೆನ್ನಾಗಿ ಉಜ್ಜಿ ಮೇಣ ಹಚ್ಚಿದ ರೆಡ್ ಆಕ್ಸೈಡ್ ನೆಲ ಒದ್ದೆಯಾದಾಗ ಟೈಲ್ಸ್‌ಗಿಂತ ಕಡಿಮೆಯೇನೂ ಜಾರುವುದಿಲ್ಲ. ಮೊಸಾಯಿಕ್ ಕೂಡ ಪಾಲಿಶ್ ಆದ ಮೇಲೆ ಹಾಗೆಯೇ. ವಸ್ತು ಯಾವುದು ಎಂಬುದಕ್ಕಿಂತ ಅದರ ಮೇಲ್ಮೈ ಹೇಗಿದೆ ಎಂಬುದನ್ನು ನೋಡಬೇಕು. ಒಂದೇ ಗ್ರಾನೈಟ್ ಹಲಗೆಯನ್ನು ಕನ್ನಡಿಯಂತೆ ಪಾಲಿಶ್ ಮಾಡಿಯೂ ಕೊಡುತ್ತಾರೆ, ಬೆಂಕಿಯ ಜ್ವಾಲೆ ಹಾಯಿಸಿ ತರಿತರಿ ಮಾಡಿಯೂ ಕೊಡುತ್ತಾರೆ. ಕಡಪ ಕಲ್ಲು, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇವೂ ಪಾಲಿಶ್ ಮಾಡಿದ್ದು, ಮಾಡದ್ದು ಎರಡೂ ಬಗೆಯಲ್ಲಿ ಸಿಗುತ್ತವೆ. ಬಚ್ಚಲು, ಹಿತ್ತಿಲು, ಪಾತ್ರೆ ತೊಳೆಯುವ ಜಾಗ, ಬಟ್ಟೆ ಒಗೆಯುವ ಜಾಗ, ಹೊರಗಿನ ಮೆಟ್ಟಿಲು ಇವಕ್ಕೆ ಪಾಲಿಶ್ ಇಲ್ಲದ ಕಲ್ಲು ಇವತ್ತಿಗೂ ಉತ್ತಮ, ಬೆಲೆಯೂ ಕಡಿಮೆ. ಅಂಗಡಿಯವರು 'ಅದೆಲ್ಲ ಹಳೇ ಕಾಲದ್ದು ಸಾರ್' ಎಂದರೆ ನಕ್ಕು ಸುಮ್ಮನಿರಿ.

ವಿಟ್ರಿಫೈಡ್ ಟೈಲ್ಸ್ ಇಂದು ಹೆಚ್ಚು ಬಳಕೆಯಲ್ಲಿರುವ ನೆಲಹಾಸು. ಇದು ನೀರನ್ನು ಬಹುತೇಕ ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ, ಒರೆಸಲು ಸುಲಭ. ನಡುಮನೆಗೆ, ಮಲಗುವ ಕೋಣೆಗೆ ಧಾರಾಳವಾಗಿ ಹಾಕಿಸಿ. ಆದರೆ ಹೀರದ ನೀರು ಮೇಲೆಯೇ ನಿಲ್ಲುತ್ತದೆ ಎಂಬುದು ನೆನಪಿರಲಿ. ಬಚ್ಚಲಿಗೆ ಕೊಳ್ಳುವಾಗ ಡಬ್ಬದ ಮೇಲೆ ಆರ್-9, ಆರ್-10, ಆರ್-11 ಎಂದೇನಾದರೂ ಬರೆದಿದೆಯೇ ನೋಡಿ. ಎಣ್ಣೆ ಸವರಿದ ಟೈಲ್ಸ್ ಮೇಲೆ ಬೂಟು ತೊಟ್ಟ ಮನುಷ್ಯನನ್ನು ನಡೆಸಿ, ಟೈಲ್ಸನ್ನು ನಿಧಾನವಾಗಿ ಓರೆ ಮಾಡುತ್ತಾ, ಎಷ್ಟು ಓರೆಯಾದಾಗ ಜಾರುತ್ತಾನೆ ಎಂದು ಅಳೆಯುವ ಜರ್ಮನಿಯ ಪರೀಕ್ಷೆಯ ಅಂಕಿ ಅದು. ಅಂಕಿ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳಿವೆ. ಬಚ್ಚಲಿಗೆ ಬಿ ಅಥವಾ ಸಿ ಇದ್ದರೆ ಒಳ್ಳೆಯದು. 'ಮ್ಯಾಟ್' ಎಂದ ಮಾತ್ರಕ್ಕೆ ಜಾರುವುದಿಲ್ಲ ಎಂದು ನಂಬಬೇಡಿ. ಹೊಳಪಿಲ್ಲದಿದ್ದರೂ ನುಣುಪಾಗಿರುವ ಟೈಲ್ಸ್ ಬೇಕಾದಷ್ಟಿವೆ.

ಡಬ್ಬದ ಮೇಲೆ ಏನೂ ಬರೆಯದಿದ್ದರೆ ನೀವೇ ಪರೀಕ್ಷೆ ಮಾಡಬಹುದು. ಅಂಗಡಿಯಲ್ಲಿ ಎರಡು ಮೂರು ಬಗೆಯ ಟೈಲ್ಸನ್ನು ಸಮತಟ್ಟಾದ ನೆಲದ ಮೇಲೆ ಇಡಿಸಿ. ಸಾಬೂನು ಕಲಸಿದ ನೀರು ಚಿಮುಕಿಸಿ. ಚಪ್ಪಲಿ ಬಿಟ್ಟು ಒಂದು ಕಾಲು ಅದರ ಮೇಲಿಟ್ಟು, ಜೊತೆಯವರ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡು, ಪಾದವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ಯಾವುದು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂಬುದು ಅರೆಕ್ಷಣದಲ್ಲಿ ತಿಳಿಯುತ್ತದೆ. ಅಂಗಡಿಯವರು ಒಪ್ಪದಿದ್ದರೆ ಎರಡು ಟೈಲ್ಸ್ ಮನೆಗೆ ತಂದು ನೋಡಿ. ಬಚ್ಚಲಿಗೆ ಚಿಕ್ಕ ಅಳತೆಯವೇ ಉತ್ತಮ. ಬಿಲ್ಲೆ ಚಿಕ್ಕದಾದಷ್ಟೂ ಸಂದುಗೆರೆಗಳು ಹೆಚ್ಚು, ಕಾಲಿಗೆ ಹಿಡಿತವೂ ಹೆಚ್ಚು. ಹಾಗೆಂದು ಉಜ್ಜುಗಲ್ಲಿನಂಥದ್ದನ್ನು ಆರಿಸಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚರ್ಮ ತರಚಿದ್ದೂ ಗೊತ್ತಾಗುವುದಿಲ್ಲ. ಆ ತರಚು ಗಾಯ ಹುಣ್ಣಾಗಿ ಬೆರಳು ಕಳೆದುಕೊಂಡವರೂ ಇದ್ದಾರೆ.

ಮಲೆನಾಡು, ಕರಾವಳಿಯ ಓದುಗರಿಗೆ ಅಂಗಳದ ಪಾಚಿಯ ಬಗ್ಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆಯನ್ನೋ ಸೋಗೆಯನ್ನೋ ಹಾಸಿ ಓಡಾಡುತ್ತಿದ್ದ ಹಿರಿಯರು ಬಹಳ ಜಾಣರು. ಅದೇ ಅಂಗಳಕ್ಕೆ ಈಗ ನುಣುಪು ಟೈಲ್ಸ್ ಹಾಕಿಸುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಮೇಸ್ತ್ರಿಗೆ ಮೊದಲೇ ಹೇಳಬೇಕಾದ್ದು

ಬಚ್ಚಲಿನ ನೆಲ ನೀರುಗಂಡಿಯ ಕಡೆಗೆ ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಇಳಿಜಾರಾಗಿರಲಿ. ಟೈಲ್ಸ್ ಕೂತ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಎಲ್ಲಾದರೂ ಮಡುಗಟ್ಟಿದರೆ ಹಣ ಚುಕ್ತಾ ಮಾಡುವ ಮೊದಲೇ ಸರಿಪಡಿಸಿಕೊಳ್ಳಿ.

ಗೋಡೆಗೆ ಟೈಲ್ಸ್ ಹಾಕುವ ಮುನ್ನ ಹಿಡಿಕೆಗಳ ಜಾಗ ಗುರುತು ಮಾಡಿಸಿ. ಕಮೋಡಿನ ಪಕ್ಕ ಒಂದು, ಸ್ನಾನ ಮಾಡುವಲ್ಲಿ ಒಂದು. ಮುಷ್ಟಿಯೊಳಗೆ ಸರಿಯಾಗಿ ಕೂರುವಷ್ಟು ದಪ್ಪದ ಸ್ಟೀಲ್ ಕೊಳವೆ, ಇಟ್ಟಿಗೆ ಗೋಡೆಯೊಳಗೆ ಆಳವಾಗಿ ಬಿಗಿದದ್ದು ಬೇಕು. ಟವೆಲ್ ಹಾಕುವ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ. ಜಾರುವಾಗ ಕೈಗೆ ಸಿಗುವುದು ಅದೇ ಆಗಿ, ಕಿತ್ತುಕೊಂಡು ಬರುತ್ತದೆ.

ಇನ್ನು ಬಾಗಿಲು. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನವರು ಎಷ್ಟು ತಳ್ಳಿದರೂ ತೆರೆಯುವುದಿಲ್ಲ. ಜಾಗವಿದ್ದರೆ ಹೊರಕ್ಕೆ ತೆರೆಯುವ ಬಾಗಿಲು ಇಡಿಸಿ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ. ಮನೆಯ ಹಿರಿಯರಿಗೆ ಒಳಗಿನಿಂದ ಅಗುಳಿ ಹಾಕದಿರಲು ಹೇಳಿ.

ಬಚ್ಚಲಿನ ಬಾಗಿಲಲ್ಲಿ ನೀರು ಹೊರಗೆ ಹರಿಯದಂತೆ ಇಡುವ ಅಂಗುಲದೆತ್ತರದ ಕಟ್ಟೆಯ ಬಣ್ಣ ನೆಲದ ಬಣ್ಣಕ್ಕಿಂತ ಬೇರೆಯಾಗಿರಲಿ. ಮೆಟ್ಟಿಲಿಗೂ ಇದೇ ಮಾತು. ಒಂದೇ ಬಣ್ಣದ ಗ್ರಾನೈಟ್‌ನಲ್ಲಿ ಮಾಡಿದ ಮೆಟ್ಟಿಲುಗಳಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಪೊರೆ ಬಂದವರಿಗೆ ತಿಳಿಯುವುದಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ, ಅದರಲ್ಲಿ ಎರಡು ಮೂರು ಗೀರು ಇದ್ದರೆ ಸಾಕು.

ಗ್ರಾನೈಟ್‌ನಿಂದ ಕೀಲುನೋವು ಬರುತ್ತದೆಯೇ?

ಈ ಪ್ರಶ್ನೆ ಕೇಳದ ರೋಗಿಗಳೇ ಕಡಿಮೆ. ಗ್ರಾನೈಟ್ ಅಥವಾ ಮಾರ್ಬಲ್ ನೆಲದಿಂದ ಸಂಧಿವಾತ ಹುಟ್ಟುವುದಿಲ್ಲ. ಸವೆದ ಮಂಡಿಗೆ ತಣ್ಣನೆಯ ನೆಲದ ಮೇಲೆ ಬಿಗಿತ ಹೆಚ್ಚಿದಂತೆ ಅನ್ನಿಸಬಹುದು, ಅಷ್ಟೇ. ಆದರೆ ಹಿಮ್ಮಡಿ ನೋವಿನ ವಿಷಯ ಬೇರೆ. ಗಡಸು ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವವರಲ್ಲಿ ಅಂಗಾಲಿನ ಪಟ್ಟಿಗೆ ಪದೇ ಪದೇ ಎಳೆತ ಬೀಳುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಚುಳ್ಳೆನ್ನುವ ನೋವು ಇದರ ಗುರುತು. ಇಂಥವರು ಮನೆಯೊಳಗೂ ಮೆತ್ತನೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಬೇಕು. ಮಡಿ ಮೈಲಿಗೆ ಎನ್ನುವ ಮನೆಗಳಲ್ಲಿ ಒಳಗಿಗೆಂದೇ ಬೇರೆ ಜೊತೆ ಇಟ್ಟುಕೊಳ್ಳಬಹುದು.

ಆಸಿಡ್ ಎಂಬ ಶತ್ರು

ನೆಲದ ಕಲೆಗೆಂದು ಆಸಿಡ್ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಾರ್ಬಲ್, ಕಡಪ, ಶಹಾಬಾದ್ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಆಸಿಡ್ ಬಿದ್ದರೆ ಬುಸ್ಸೆಂದು ನೊರೆಯೆದ್ದು ಕಲ್ಲೇ ಕರಗುತ್ತದೆ. ಕಲ್ಲು ಹೋದರೆ ಹೋಗಲಿ. ಆಸಿಡ್ ಇರುವ ಟಾಯ್ಲೆಟ್ ದ್ರಾವಣದ ಜೊತೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಇದು ಪ್ರಾಣಾಪಾಯ ತರಬಲ್ಲದು. ಎರಡನ್ನೂ ಒಂದೇ ದಿನ ಬಳಸಬೇಡಿ. ಅಕಸ್ಮಾತ್ ಘಾಟು ಎದ್ದರೆ ಎಲ್ಲ ಬಿಟ್ಟು ಹೊರಗೆ ಬನ್ನಿ, ಕಣ್ಣು ಮುಖ ತೊಳೆದುಕೊಳ್ಳಿ. ಕೆಮ್ಮು, ಉಬ್ಬಸ ಕಾಣಿಸಿಕೊಂಡರೆ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ಊತ ಕೆಲವು ಗಂಟೆ ತಡವಾಗಿಯೂ ಬರುತ್ತದೆ.

ಕಲ್ಲು ಕೊಯ್ಯುವ ದೂಳು

ನಿಮ್ಮ ಮನೆಯ ನೆಲ ಹಾಸುವವರ ಆರೋಗ್ಯದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಗ್ರಾನೈಟನ್ನು ಒಣಗಿದ್ದಂತೆಯೇ ಯಂತ್ರದಿಂದ ಕೊಯ್ದಾಗ ಬಿಳಿಯ ಮೋಡದಂತೆ ಏಳುವ ದೂಳಿನಲ್ಲಿ ಸಿಲಿಕ ಇರುತ್ತದೆ. ಕಣ್ಣಿಗೆ ಕಾಣುವ ದಪ್ಪ ದೂಳನ್ನು ಮೂಗು, ಗಂಟಲು ತಡೆಯುತ್ತವೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಉಳಿಯುತ್ತದೆ. ವರ್ಷಗಳ ನಂತರ ಅಲ್ಲಿ ಗಾಯದ ಕಲೆಯಂಥ ಗಂಟುಗಳೆದ್ದು ಉಸಿರು ಮೋಟಾಗುತ್ತದೆ. ಇದೇ ಸಿಲಿಕೋಸಿಸ್. 2001ರಲ್ಲಿ ಮುಚ್ಚಿದ ನಮ್ಮ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರನ್ನು ಕಾಡಿದ ರೋಗ ಇದು. ಇದನ್ನು ವಾಸಿ ಮಾಡುವ ಔಷಧ ಇಲ್ಲ. ಈ ರೋಗವಿದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಅಡುಗೆಮನೆಯ ಕಟ್ಟೆಗೆ ಈಗ ಜನಪ್ರಿಯವಾಗಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕದ ಪ್ರಮಾಣ ಶೇ. 90ನ್ನೂ ಮೀರಬಹುದು. ಅದನ್ನು ಕೊಯ್ಯುವ ಯುವಕರಿಗೆ ಕೆಲವೇ ವರ್ಷಗಳಲ್ಲಿ ರೋಗ ಬಂದದ್ದನ್ನು ಕಂಡು ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಷೇಧಿಸಿತು.

ನಾಲ್ಕಾರು ದಿನದ ಕೆಲಸದಿಂದ ಮನೆಯವರಿಗೆ ಸಿಲಿಕೋಸಿಸ್ ಬರುವುದಿಲ್ಲ, ಗಾಬರಿ ಬೇಡ. ಅಸ್ತಮಾ ಇದ್ದವರನ್ನು, ಮಕ್ಕಳನ್ನು ಆ ದಿನಗಳಲ್ಲಿ ದೂರವಿಟ್ಟರೆ ಸಾಕು. ಆದರೆ ಕೊಯ್ಯುವ ಹುಡುಗ ನಾಳೆ ಇನ್ನೊಂದು ಮನೆಯಲ್ಲಿ, ನಾಡಿದ್ದು ಮತ್ತೊಂದರಲ್ಲಿ ಅದೇ ದೂಳು ಕುಡಿಯುತ್ತಾನೆ. ಮೂಗಿಗೆ ಕಟ್ಟಿದ ಕರವಸ್ತ್ರ ಈ ದೂಳನ್ನು ತಡೆಯದು. ಬ್ಲೇಡಿನ ಮೇಲೆ ನೀರು ಬಿಡುತ್ತಾ ಕೊಯ್ಯಬೇಕು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಇರಬೇಕು. ನೀರು ಹಾಯಿಸಿ ಕೊಯ್ಯಲು ಸಮಯ ಹಿಡಿಯುತ್ತದೆ, ನೆಲ ರಾಡಿಯಾಗುತ್ತದೆ ಎಂದು ಕೆಲಸದವರು ಗೊಣಗುತ್ತಾರೆ. ಮಾಲೀಕರಾದ ನೀವು ಹಟ ಹಿಡಿಯಬೇಕು. ಸೆರಾಮಿಕ್ ಟೈಲ್ಸ್ ಆದರೆ ಕೈಯಿಂದ ಗೀರು ಎಳೆದು ಮುರಿಯುವ ಕಟರ್ ಸಿಗುತ್ತದೆ. ನೇರ ಕೊಯ್ತಕ್ಕೆ ಅದೇ ಸಾಕು, ದೂಳೂ ಇಲ್ಲ, ಸದ್ದೂ ಇಲ್ಲ.

ನೀರು ಮತ್ತು ವಿದ್ಯುತ್ ಒಂದೆಡೆ ಸೇರುವಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅರ್ತಿಂಗ್ ಇಲ್ಲದ, ಬರಿಯ ತಂತಿಯನ್ನು ಪ್ಲಗ್ಗಿನ ತೂತಿಗೆ ಸಿಕ್ಕಿಸಿದ ಯಂತ್ರ ನಡೆಸಲು ಬಿಡಬೇಡಿ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಲೈನು ಕಡಿದುಹಾಕುವ ಆರ್‌ಸಿಸಿಬಿ ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ಇರಲೇಬೇಕು. ನೆಲಕ್ಕೆ ಲಕ್ಷ ಸುರಿಯುವವರು ಇದಕ್ಕೆ ಜಿಪುಣತನ ಮಾಡುವುದನ್ನು ನೋಡಿದ್ದೇನೆ.

ಮನೆಯಲ್ಲಿರಬೇಕಾದ ಉಪಕರಣ

ಭಾನುವಾರ ತಾವೇ ಚೂರುಪಾರು ಕೆಲಸ ಮಾಡಿಕೊಳ್ಳುವ ಉತ್ಸಾಹಿಗಳಿಗೆ: ಸುತ್ತಿಗೆ, ಸ್ಕ್ರೂಡ್ರೈವರ್, ಡ್ರಿಲ್ ಇರಲಿ. ಆ್ಯಂಗಲ್ ಗ್ರೈಂಡರ್ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ನಾಲ್ಕಂಗುಲದ ಬ್ಲೇಡು ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ಸುತ್ತುತ್ತದೆ. ಕಲ್ಲಿನಲ್ಲಿ ಸಿಕ್ಕಿಕೊಂಡರೆ ಕೈ ಮೀರಿ ನಿಮ್ಮ ಕಡೆಗೇ ಎಗರುತ್ತದೆ. ಕೆಲಸದವರೇ ಬಳಸುವಾಗಲೂ ಬ್ಲೇಡಿನ ಕವಚ ಬಿಚ್ಚಿರಬಾರದು, ಕಣ್ಣಿಗೆ ಕನ್ನಡಕ ಇರಬೇಕು. ಕಣ್ಣಿಗೆ ಸಿಡಿದ ಚೂರನ್ನು ಸೆರಗಿನ ತುದಿಯಿಂದ ತೆಗೆಯಲು ಹೋಗಬೇಡಿ, ನೇತ್ರತಜ್ಞರಿಗೆ ಬಿಡಿ. ಸಿಮೆಂಟು, ಸುಣ್ಣ ಕಣ್ಣಿಗೆ ಬಿದ್ದರೆ ಮಾತ್ರ ಒಂದು ಕ್ಷಣವೂ ಕಾಯದೆ ರೆಪ್ಪೆ ಬಿಡಿಸಿ 20 ನಿಮಿಷ ಧಾರೆಯಾಗಿ ನೀರು ಬಿಡಿ, ಆಮೇಲೆ ಆಸ್ಪತ್ರೆ. ಕ್ಷಾರದ ಸುಡುವಿಕೆ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ.

ಬೆರಳು ತುಂಡಾದರೆ ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯ ಜೊತೆಗೇ ಒಯ್ಯಿರಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಗಲಬಾರದು.

ಏಣಿಗೆ ರಬ್ಬರ್ ಬೂಟು ಇದೆಯೇ ನೋಡಿಕೊಳ್ಳಿ. ಹಳೆಯ ಗಾರೆ ನೆಲದಲ್ಲಿ ಭದ್ರವಾಗಿ ನಿಲ್ಲುತ್ತಿದ್ದ ಏಣಿ ಹೊಸ ಟೈಲ್ಸ್ ಮೇಲೆ ಸರ್ರನೆ ಜಾರುತ್ತದೆ. ದೀಪಾವಳಿಯ ಮುನ್ನ ಜೇಡರ ಬಲೆ ತೆಗೆಯಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತುವವರನ್ನು ದೇವರೇ ಕಾಪಾಡಬೇಕು.

ನೆಲ ಬದಲಿಸಲಾಗದವರಿಗೆ

ಬಾಡಿಗೆ ಮನೆಯಲ್ಲಿರುವವರು, ಸದ್ಯಕ್ಕೆ ಹಣ ಹೊಂದಿಸಲಾಗದವರು ಸುಮ್ಮನೆ ಕೂರಬೇಕಾಗಿಲ್ಲ. ನೆಲಕ್ಕೆ ಅಂಟಿಸುವ ಮರಳುಕಾಗದದಂಥ ಪಟ್ಟಿಗಳು, ತಳದಲ್ಲಿ ಹೀರುಬಟ್ಟಲುಗಳಿರುವ ರಬ್ಬರ್ ಚಾಪೆ ಸಿಗುತ್ತವೆ. ಕಾಲೊರಸಿನ ತಳದಲ್ಲಿ ರಬ್ಬರ್ ಇರಲಿ. ಹಳೆಯ ಸೀರೆಯನ್ನು ಮಡಿಸಿ ಹಾಕಿದ ಕಾಲೊರಸು ಟೈಲ್ಸ್ ಮೇಲೆ ಜಾರುಬಂಡಿ. ಹಿರಿಯರು ಕೂತು ಸ್ನಾನ ಮಾಡಲು ಅಗಲ ಕಾಲಿನ ಗಟ್ಟಿ ಸ್ಟೂಲ್ ಕೊಡಿ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಉರಿಯಲಿ. ರಕ್ತದೊತ್ತಡಕ್ಕೋ ಪ್ರಾಸ್ಟೇಟ್ ತೊಂದರೆಗೋ ಮಾತ್ರೆ ನುಂಗುವವರು ದಿಢೀರನೆ ಎದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುವುದುಂಟು. ಅವರು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ನಿಂತು, ಆಮೇಲೆ ಹೆಜ್ಜೆ ಹಾಕಬೇಕು.

ಇಷ್ಟಾಗಿಯೂ ಹಿರಿಯರು ಬಿದ್ದರೆ ತೋಳು ಹಿಡಿದು ಎಳೆದು ಎಬ್ಬಿಸಬೇಡಿ. ಕಾಲುಗಳನ್ನು ನೋಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ, ಅಥವಾ ತೊಡೆಸಂದಿಯಲ್ಲಿ ತಡೆಯಲಾಗದ ನೋವಿದ್ದರೆ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ತಿಕ್ಕುವುದು, ಕಟ್ಟು ಕಟ್ಟಿಸಲು ಊರೂರು ಅಲೆಯುವುದು ಬೇಡ. ಎರಡು ಕಾಲುಗಳ ನಡುವೆ ದಿಂಬಿಟ್ಟು ಮೆತ್ತಗೆ ಜೋಡಿಸಿ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಿ ಎಕ್ಸ್-ರೇ ಇರುವ ಆಸ್ಪತ್ರೆಗೆ ಒಯ್ಯಿರಿ. ಅವರು ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ.